ಬೈತಖೋಲದ ಮರೆ

ಕಾರವಾರಕ್ಕೆ ಬಂದವರೆಲ್ಲ ಟ್ಯಾಗೋರ್ ಕಡಲತೀರದಲ್ಲಿ ಸೂರ್ಯ ಮುಳುಗುವ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ಹೋದರೆ, ಗುಡ್ಡದ ಬುಡದಲ್ಲಿ ಬೈತಖೋಲ ಅನ್ನುವ ಬಂದರು ಇದೆ. ಮೀನಿನವರು, ಲಾರಿಯವರು ಬಿಟ್ಟರೆ ಆ ಕಡೆ ಹೋಗುವವರು ಕಡಿಮೆ. ಇಡೀ ಕರಾವಳಿಯಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು. ಅದರ ಬಗ್ಗೆ ಬರೆಯಬೇಕು ಅಂತ ಎಷ್ಟೋ ದಿನದಿಂದ ಅಂದುಕೊಂಡಿದ್ದೆ.

ಇಲ್ಲಿ ಘಟ್ಟ ಕಡಲಿನವರೆಗೂ ಇಳಿದು ಬರುತ್ತದೆ. ಅದರ ಒಂದು ಕವಲು ನೀರಿನೊಳಕ್ಕೇ ಮೂಗು ಚಾಚಿದೆ. ಮಳೆಗಾಲದ ಗಾಳಿ, ಅಲೆ ಎರಡೂ ಬರುವುದು ನೈರುತ್ಯದಿಂದ ಅಲ್ವಾ? ಆ ಪೆಟ್ಟನ್ನು ಗುಡ್ಡ ಬೆನ್ನಲ್ಲೇ ತಡೆದುಕೊಳ್ಳುತ್ತದೆ. ಬೈತಖೋಲ ಇರುವುದು ಅದರ ಉತ್ತರದ ಮಗ್ಗುಲಲ್ಲಿ. ಆಚೆ ಕಡಲಿನಲ್ಲಿ ದೇವಗಡ, ಕೂರ್ಮಗಡ ದ್ವೀಪಗಳು ನಿಂತಿವೆ. ಅವೂ ಒಂದಿಷ್ಟು ಅಲೆ ಮುರಿಯುತ್ತವೆ. ಉತ್ತರಕ್ಕೆ ಸದಾಶಿವಗಡದ ಕೆಳಗೆ ಕಾಳಿ ನದಿ ಬಂದು ಸೇರುತ್ತದೆ. ಬೈತಖೋಲ ಅನ್ನುವ ಹೆಸರು ಅರಬ್ಬಿ ಮಾತಿನಿಂದ ಬಂತು, ಅದರ ಅರ್ಥ ಸುರಕ್ಷಿತ ಕೊಲ್ಲಿ ಅಂತ ಹೇಳುವುದುಂಟು.

ಒಮ್ಮೆ ಆಷಾಢದಲ್ಲಿ, ಮೀನುಗಾರಿಕೆ ಬಂದ್ ಇದ್ದ ದಿನಗಳಲ್ಲಿ ಹೋಗಿದ್ದೆ. ದೋಣಿಗಳನ್ನು ಒಂದರ ಪಕ್ಕ ಒಂದು ಕಟ್ಟಿದ್ದರು. ನಡುವೆ ನೇತುಬಿಟ್ಟ ಹಳೇ ಟಯರುಗಳು ಒಂದಕ್ಕೊಂದು ಉಜ್ಜಿ ಕಿರ್ ಕಿರ್ ಅನ್ನುತ್ತಿದ್ದವು. ಒಬ್ಬ ಅಜ್ಜ ಬಾಯಿ ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನಿನಲ್ಲಿ ತನ್ನ ಪುಟ್ಟ ಪಾತಿ ದೋಣಿಯ ಮಳೆನೀರು ತೋಡಿ ಹಾಕುತ್ತಿದ್ದರು. ಹೊರಗೆ ಕಡಲು ಕೆಂಪಾಗಿ ಕುದಿಯುತ್ತಿತ್ತು. ಇಲ್ಲಿ ಒಂದೊಂದು ಮಳೆಹನಿ ಬಿದ್ದಾಗಲೂ ನೀರಿನ ಮೇಲೆ ಉಂಗುರ ಏಳುವುದು ಕಾಣುತ್ತಿತ್ತು.

ಈ ಶಾಂತ ನೀರಿಗೆ ಎಷ್ಟು ಜನ ಆಸೆಪಟ್ಟರು ನೋಡಿ. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕಾಳಿ ದಂಡೆಯಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಹಾಕಿದರು. ಅವರಿಗೆ ಬೇಕಿದ್ದದ್ದು ಘಟ್ಟದ ಕಾಳುಮೆಣಸು ಮತ್ತು ಹುಬ್ಬಳ್ಳಿ ಕಡೆಯ ತೆಳು ಬಟ್ಟೆ. ಮರೆ ಸಿಗದವರ ಗತಿಯೂ ಇಲ್ಲೇ ಹತ್ತಿರದಲ್ಲಿ ನಡೆದಿದೆ. 1662ರಲ್ಲಿ ಮುಂಬೈಯನ್ನು ವಶಕ್ಕೆ ತಗೊಳ್ಳಲು ಬಂದ ಇಂಗ್ಲಿಷ್ ಪಡೆಗೆ ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ಪಡೆ ಅಂಜುದೀವ್ ದ್ವೀಪದಲ್ಲಿ ಕಾಯುತ್ತಾ ಕೂತಿತು. ಮಳೆ, ರೋಗ. ನಾನೂರಕ್ಕೂ ಹೆಚ್ಚು ಜನರಲ್ಲಿ ಉಳಿದವರು ನೂರರ ಆಸುಪಾಸು. ಅವರ ದಂಡನಾಯಕನೂ 1664ರಲ್ಲಿ ಅಲ್ಲೇ ತೀರಿಕೊಂಡ.

ಈಗಿನ ಕಾರವಾರ ಪೇಟೆ ಎದ್ದದ್ದು ಈ ಬಂದರನ್ನು ನಂಬಿಕೊಂಡು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಆಗ ಅಮೆರಿಕದಲ್ಲಿ ಅಂತರ್ಯುದ್ಧ, ಅಲ್ಲಿಯ ಹತ್ತಿ ಬರುವುದು ನಿಂತು ಇಲ್ಲಿಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ. ಧಾರವಾಡದ ಹತ್ತಿ ಇಲ್ಲಿಂದಲೇ ಹಡಗು ಹತ್ತಬೇಕು ಅನ್ನುವ ಲೆಕ್ಕ. ದೇವಗಡದ ದೀಪಸ್ತಂಭ 1864ರದ್ದು. ಆದರೆ ರೈಲು ಬಂದದ್ದು ಗೋವಾದ ಮುರ್ಮುಗೋವಾಕ್ಕೆ. ಹತ್ತಿಯೂ ಅದರ ಹಿಂದೆ ಹೋಯಿತು. ಮೀನುಗಾರರು ಇದ್ದಲ್ಲೇ ಉಳಿದರು.

ನಾನು ಹೇಳಬೇಕಾದದ್ದು ಇವರ ಮಾತನ್ನೇ. ಗುಡ್ಡದ ಆಚೆಗೆ ಬಿಣಗಾ, ಅರಗಾ ಅಂತ ಇನ್ನೂ ಎರಡು ಚೆಂದದ ಕೊಲ್ಲಿಗಳಿದ್ದವು. ಈಗ ಅಲ್ಲಿ ನೌಕಾನೆಲೆ ಇದೆ. ದೇಶಕ್ಕೆ ಅದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕಾಗಿ ಮನೆ, ಗದ್ದೆ, ಬಲೆ ಎಳೆಯುವ ದಂಡೆ ಬಿಟ್ಟುಕೊಟ್ಟದ್ದು ಸಾವಿರಾರು ಬಡ ಕುಟುಂಬಗಳು. ಹಾಗಾಗಿ 2020ರ ಜನವರಿಯಲ್ಲಿ ಬಂದರು ವಿಸ್ತರಣೆಗೆ ಅಂತ ಕಡಲತೀರದ ಕಡೆ ಹೊಸ ತಡೆಗೋಡೆಯ ಕೆಲಸ ಶುರುವಾದಾಗ ಊರಿಗೆ ಊರೇ ದಂಡೆಗೆ ಇಳಿಯಿತು. ಅವರ ಸಿಟ್ಟು ನ್ಯಾಯವಾದದ್ದೇ ಅಂತ ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ರಂಪಣಿ ಅನ್ನುವ ದೊಡ್ಡ ಬಲೆಯನ್ನು ದಂಡೆಗೆ ಎಳೆಯಲು ಉದ್ದದ ಮರಳು ದಂಡೆ ಬೇಕು. ದೋಣಿ ಎಳೆದು ಇಡುವುದಕ್ಕೂ ಅದೇ ಬೇಕು. ಹಡಗಿಗೆ ಬೇರೆ ಬಂದರು ಹುಡುಕಬಹುದು. ಪಾತಿ ದೋಣಿಯವನು ಎಲ್ಲಿಗೆ ಹೋಗಬೇಕು? ಈ ನೀರು ಯಾರಿಗೆ ಅಂತ ತೀರ್ಮಾನ ಮಾಡುವಾಗ ಮೊದಲ ಮಾತು ಅವನದ್ದಾಗಬೇಕು.

2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ನೂರಾರು ದೋಣಿಗಳು ಓಡಿ ಬಂದು ಇಲ್ಲೇ ಲಂಗರು ಹಾಕಿದವು. ನಮ್ಮವು ಮಾತ್ರ ಅಲ್ಲ, ಮಲ್ಪೆಯವು, ಗೋವಾದವು, ಕೇರಳದವು. ಒಂದೊಂದಕ್ಕೂ ಒಂದೊಂದು ಬಣ್ಣ. ಕೊಂಕಣಿ, ತುಳು, ಮಲಯಾಳ ಎಲ್ಲ ಒಟ್ಟಿಗೆ ಕೇಳಿಸುತ್ತಿತ್ತು. ದೋಣಿಯ ಮೇಲೇ ಅನ್ನ ಬೇಯುತ್ತಿತ್ತು. ಕತ್ತಲಾದ ಮೇಲೆ ಒಂದೊಂದೇ ದೀಪ ಹೊತ್ತಿಕೊಂಡು, ಗುಡ್ಡದ ಬುಡದಿಂದ ಆ ತುದಿಯವರೆಗೂ ಹೊಸದೊಂದು ಊರು ಬಂದು ಕೂತ ಹಾಗೆ ಕಾಣುತ್ತಿತ್ತು.