ತಪ್ಪು ಕಲ್ಲಿನದಲ್ಲ, ಅದರ ಕೆಳಗಿನದು

ಹೊಸ ಬಹುಮಹಡಿ ಕಟ್ಟಡದ ಬಗ್ಗೆ ಬರೆದ ಲೇಖನದಲ್ಲಿ, ಅದರ ಮುಂದಿನ ಫುಟ್‌ಪಾತ್ ಕುಸಿಯಲು 'ಕಳಪೆ ಇಂಟರ್‌ಲಾಕ್ ಕಲ್ಲು' ಕಾರಣ ಅಂತ ಬರೆದಿದ್ದೀರಿ. ಒಪ್ಪುವುದು ಕಷ್ಟ. ಕಲ್ಲು ಒಡೆಯದೆ ಇಡೀ ಸಾಲೇ ಬಟ್ಟಲಿನಂತೆ ತಗ್ಗಿದ್ದರೆ ತಪ್ಪು ಕೆಳಗಿದೆ. ಫುಟ್‌ಪಾತಿನ ಅಡಿ ಬರುವ, ನೆಲಮಾಳಿಗೆಗೆ ಅಗೆದ ಗುಂಡಿಯ ಅಂಚಿಗೆ 150–200 ಮಿ.ಮೀ. ಪದರಗಳಲ್ಲಿ ಮಣ್ಣು ತುಂಬಿ, ಪ್ರತಿ ಪದರಕ್ಕೂ ಹದವಾಗಿ ನೀರು ಹಾಕಿ ಕಂಪ್ಯಾಕ್ಟರ್ (ಮಣ್ಣು ಅದುಮುವ ಯಂತ್ರ) ಓಡಿಸಬೇಕು. ಲಾರಿಯಿಂದ ಒಂದೇ ಸಲ ಸುರಿದು ಮೇಲಷ್ಟೇ ತಟ್ಟಿದರೆ ಮಳೆ ಬಿದ್ದಾಗ ಮಣ್ಣು ಕೂರುತ್ತದೆ. ಆಮೇಲೆ ತಗ್ಗು ಮುಚ್ಚಲು ಮರಳು ಸುರಿಯುತ್ತಾರೆ. ಕಲ್ಲಿನ ಕೆಳಗೆ ಹಾಸುವ ಮರಳು 40 ಮಿ.ಮೀ. ದಾಟಿತೆಂದರೆ ಅದೇ ಇನ್ನೊಂದು ಕುಸಿತಕ್ಕೆ ದಾರಿ. ಅಂಚಿನ ಕರ್ಬ್ (ಕಲ್ಲುಗಳನ್ನು ಹಿಡಿದಿಡುವ ಅಂಚುಗಲ್ಲು) ಭದ್ರವಾಗಿಲ್ಲದಿದ್ದರಂತೂ ಕಲ್ಲುಗಳು ಪಕ್ಕಕ್ಕೆ ಜರುಗಿ ಸಂದಿಯ ಮರಳು ನೀರಿನ ಜೊತೆ ಹೋಗುತ್ತದೆ. ಕಾಲಿಟ್ಟಾಗ ಒಂದು ಮೂಲೆ ಎದ್ದು, ಇನ್ನೊಂದರಿಂದ ಕೆಸರು ಪಿಚಕ್ಕನೆ ಪ್ಯಾಂಟಿಗೆ ಹಾರುವುದು ಇದರಿಂದಲೇ.

ಕಲ್ಲಿನ ದಪ್ಪದ ವಿಷಯ ಇಷ್ಟೇ: ನಡೆಯುವವರಿಗೆ 60 ಮಿ.ಮೀ. ಸಾಕು, ಕಾರು ದಾಟುವ ಗೇಟಿನೆದುರು 80 ಬೇಕು. ಅಲ್ಲಿ ಫುಟ್‌ಪಾತನ್ನೇ ರಸ್ತೆಯ ಮಟ್ಟಕ್ಕೆ ಇಳಿಸುವುದು ಕೆಟ್ಟ ಚಾಳಿ. ಹತ್ತಿ ಇಳಿಯಬೇಕಾದ್ದು ಕಾರು, ಗಾಲಿಕುರ್ಚಿಯಲ್ಲ.

ಈ ಕಟ್ಟಡದಿಂದ ಊರಿನ ದಿಗಂತಕ್ಕೆ ಹೊಸ ಕಳೆ ಬಂತು ಅಂತಲೂ ಅಂದಿರಿ, ಸರಿ. ಆದರೆ ಎತ್ತರದ ಚಪ್ಪಟೆ ಗೋಡೆಗೆ ಬಡಿದ ಗಾಳಿ ಕೆಳಗೆ ನುಗ್ಗಿ, ಕಟ್ಟಡದ ಮೂಲೆಗಳಲ್ಲಿ ಇನ್ನಷ್ಟು ರಭಸವಾಗುತ್ತದೆ. ಕೆಳಗಿನ ಮಹಡಿಗಳನ್ನು ಅಗಲ ಮಾಡಿ ಗೋಪುರವನ್ನು ಹಿಂದೆ ಸರಿಸಿದರೆ, ಇಲ್ಲವೇ ಬಾಗಿಲ ಮೇಲೆ ಅಗಲವಾದ ಚಾವಣಿ ಚಾಚಿದರೆ ಕೆಳಗೆ ನಡೆಯುವವರಿಗೆ ಆ ರಭಸ ತಗ್ಗುತ್ತದೆ. ನಿಮ್ಮ ಫೋಟೋದಲ್ಲಿ ಎರಡೂ ಕಾಣಲಿಲ್ಲ.