ಸಿ ಡ್ರೈವಿನಲ್ಲಿ ಎರಡೇ ಎಂಬಿ

ನಮ್ಮ ಕಡೆ ಕಂಪ್ಯೂಟರ್‌ಗೆ ಯಾವ ಕಾಯಿಲೆ ಬಂದರೂ ಮದ್ದು ಒಂದೇ, ಫಾರ್ಮ್ಯಾಟ್. ಮೌಸ್ ಓಡದಿದ್ದರೂ ಫಾರ್ಮ್ಯಾಟ್, ಪ್ರಿಂಟರ್ ಕೆಮ್ಮಿದರೂ ಫಾರ್ಮ್ಯಾಟ್. ಒಳಗಿದ್ದ ಪಟ, ಲೆಕ್ಕ, ಜಾತಕ ಎಲ್ಲ ಎಲ್ಲಿ ಹೋಯಿತು ಅಂತ ಕೇಳಿದರೆ ರಿಪೇರಿಯವರು ಆಕಾಶ ನೋಡುತ್ತಾರೆ.

ಇದು ಫ್ಲಾಪಿಯ ಕಡೆಗಾಲದ ಕಥೆ. ಬದಿಯಡ್ಕದ ಹತ್ತಿರ ನಮ್ಮ ಸೋದರಮಾವನ ಮನೆ. ತುಲಾ ತಿಂಗಳ ಸಿಡಿಲು ಎಂಥದ್ದು ಅಂತ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ಮೋಡ ಕಪ್ಪಾದ ಕೂಡಲೇ ಟಿವಿ, ಫೋನ್, ಕಂಪ್ಯೂಟರ್ ಎಲ್ಲದರ ವಯರ್ ಕೀಳುವುದು ಅತ್ತೆಯ ಡ್ಯೂಟಿ. ಆ ಸಂಜೆ ಅತ್ತೆ ಒಣಹಾಕಿದ ಕೊಬ್ಬರಿ ಎತ್ತಲು ಅಂಗಳಕ್ಕೆ ಓಡಿದ್ದರು. ಅಷ್ಟರಲ್ಲಿ ಢಮಾರ್! ಮರುದಿನ ಸ್ವಿಚ್ ಹಾಕಿದರೆ ಕಪ್ಪು ಪರದೆ, ಅದರಲ್ಲಿ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಅಂತ ಒಂದು ಸಾಲು.

"ಎಂತ ಮಿಸ್ಸಿಂಗ್? ಉಪನಯನದ ಪಟವಾ?" ಅಂದರು ಅತ್ತೆ.

ಪಟ ಎಲ್ಲೂ ಹೋಗಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯನ್ನು ಎಬ್ಬಿಸುವ ಒಂದು ಸಣ್ಣ ಫೈಲ್ ಕೈಕೊಟ್ಟಿತ್ತು, ಅಷ್ಟೇ. ಎದುರು ಬಾಗಿಲು ತೆರೆಯದಿದ್ದರೆ ಅಡುಗೆಮನೆ ಕಡೆಯಿಂದ ಒಳಗೆ ಹೋಗುವುದಿಲ್ಲವಾ? ಬೂಟ್ ಡಿಸ್ಕ್ ಅಂದರೆ ಅದೇ. ಹಾರ್ಡ್ ಡಿಸ್ಕಿನ ವಿಂಡೋಸನ್ನು ಮಲಗಲು ಬಿಟ್ಟು, ಬೇರೆ ಡಿಸ್ಕಿನಿಂದ ಮೆಷಿನ್ ಶುರು ಮಾಡಿ ಫೈಲ್ ಎತ್ತಿಕೊಳ್ಳುವುದು.

ಕುಂಬಳೆಯಿಂದ ಭಾವ ಬಂದ. ಕಿಸೆಯಲ್ಲಿ ವಿಂಡೋಸ್ 98ರ ಬೂಟ್ ಫ್ಲಾಪಿ. 1.44 ಎಂಬಿಯ ಆ ಚೌಕದ ತುಂಡನ್ನು ಕಟಕ್ ಅಂತ ತಳ್ಳಿದ. ಕಿರ್ರ್, ಗೊರ್ರ್, ಮತ್ತೆ ಕಿರ್ರ್. ಮನೆಯವರೆಲ್ಲ ಸುತ್ತ ನಿಂತರು. ಭಾವ ಜಂಬದಿಂದ ಸಿ ಡ್ರೈವಿಗೆ ಹೋಗಿ, ಫೈಲುಗಳ ಪಟ್ಟಿ ತೋರಿಸುವ ‘ಡಿಐಆರ್’ ಒತ್ತಿದ.

ಹತ್ತಾರು ಫೈಲು. ಫಾರ್ಮ್ಯಾಟ್, ಸ್ಕ್ಯಾನ್‌ಡಿಸ್ಕ್, ಎಡಿಟ್. ಇಡೀ ಡ್ರೈವೇ ಎರಡು ಎಂಬಿ. ಉಪನಯನ ಇಲ್ಲ, ಅಡಿಕೆ ಲೆಕ್ಕ ಇಲ್ಲ. ಮಾವ ಕುರ್ಚಿ ಎಳೆದು ಕೂತರು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

ಭಾವನಿಗೂ ಬೆವರು. ಪಾಪ, ಅವನ ತಪ್ಪಲ್ಲ. 98ರ ಫ್ಲಾಪಿಗೆ ಫ್ಯಾಟ್ ಅನ್ನುವ ಹಳೇ ಪದ್ಧತಿಯ ಡಿಸ್ಕ್ ಮಾತ್ರ ಓದಲು ಬರುವುದು. ಮಾವನ ಎಕ್ಸ್‌ಪಿ ಇದ್ದದ್ದು ಎನ್‌ಟಿಎಫ್‌ಎಸ್ ಅನ್ನುವ ಬೇರೆ ಪದ್ಧತಿಯ ಡಿಸ್ಕಿನಲ್ಲಿ. ಅದು ಫ್ಲಾಪಿಯ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೊಂದು ಚೇಷ್ಟೆ ಏನೆಂದರೆ, ಈ ಫ್ಲಾಪಿ ತನ್ನ ಸಾಮಾನು ಬಿಚ್ಚಿಡಲು ಮೆಮೊರಿಯಲ್ಲಿ ಎರಡು ಎಂಬಿಯ ಡ್ರೈವ್ ಮಾಡಿಕೊಳ್ಳುತ್ತದೆ. ಹಾರ್ಡ್ ಡಿಸ್ಕೇ ಕಾಣದ ಕಾರಣ ಅದಕ್ಕೆ ಸಿಗಬೇಕಿದ್ದ ಸಿ ಅಕ್ಷರ ಖಾಲಿ ಇತ್ತಲ್ಲ, ಅಲ್ಲೇ ಹೋಗಿ ಕೂತಿದೆ. ಪಟ್ಟಿಯ ಮೇಲ್ಗಡೆ ‘ಎಂಎಸ್-ರ‍್ಯಾಮ್‌ಡ್ರೈವ್’ ಅಂತ ಹೆಸರೂ ಬರೆದಿತ್ತು. ಅಳುವ ಮನೆಯಲ್ಲಿ ಅದನ್ನೆಲ್ಲ ಯಾರು ಓದುತ್ತಾರೆ?

ನನ್ನ ಹತ್ತಿರ ಪತ್ರಿಕೆಯ ಜೊತೆ ಬಂದ ಒಂದು ಕ್ನಾಪಿಕ್ಸ್ ಸೀಡಿ ಇತ್ತು. ಜರ್ಮನಿಯ ಕ್ಲೌಸ್ ಕ್ನಾಪರ್ 2000ದಲ್ಲಿ ಹೊರತಂದ ಲಿನಕ್ಸ್, ಅಂದರೆ ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ. ಇನ್‌ಸ್ಟಾಲ್ ಮಾಡುವ ತಂಟೆಯಿಲ್ಲ, ಸೀಡಿಯಿಂದಲೇ ಓಡುತ್ತದೆ, ಎನ್‌ಟಿಎಫ್‌ಎಸ್ ಓದುತ್ತದೆ. ಆದರೆ ಮೊದಲು ಸೀಡಿ ನೋಡು ಅಂತ ಬಯೋಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲೇ ಎದ್ದು ಮೆಷಿನ್ ಶುರು ಮಾಡುವ ಪ್ರೋಗ್ರಾಮಿಗೆ, ಹೇಳಬೇಕು. ಆ ಮೆಷಿನ್‌ನಲ್ಲಿ ಬಯೋಸ್‌ಗೆ ಹೋಗಲು ಸ್ವಿಚ್ ಹಾಕಿದ ಕೂಡಲೇ ಡಿಲೀಟ್ ಕೀ ಕುಟ್ಟಬೇಕು.

"ಅಯ್ಯೋ, ಡಿಲೀಟ್ ಒತ್ತುತ್ತಿದ್ದಾನೆ!" ಅತ್ತೆ ನನ್ನ ಕೈ ಹಿಡಿದೇಬಿಟ್ಟರು. "ಉಳಿದದ್ದನ್ನೂ ತೆಗೀತೀಯಾ ಮಾರಾಯ?"

ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಪುನಃ ಎನ್‌ಟಿಎಲ್‌ಡಿಆರ್. ಕೊನೆಗೆ ಭಾವ ಅತ್ತೆಯನ್ನು ಮಜ್ಜಿಗೆ ನೀರು ಮಾಡಲು ಕಳಿಸಿದ, ನಾನು ಡಿಲೀಟ್ ಒತ್ತಿದೆ.

ಪಟಗಳು ಬಂದವು. ವಟುವಿನ ಬೋಳುತಲೆ, ಭಿಕ್ಷೆಯ ಹರಿವಾಣ, ಪಂಕ್ತಿಯಲ್ಲಿ ಪಾಯಸಕ್ಕೆ ಕೈಯೊಡ್ಡಿದ ಭಾವ, ಎಲ್ಲ. ಮನೆಯಲ್ಲಿ ಮತ್ತೊಂದು ಉಪನಯನದ ಸಡಗರ. ಮಾವ ಮಾತ್ರ "ಅಡಿಕೆ ಲೆಕ್ಕ ತೆಗೆ" ಅಂದರು. ತೆಗೆದೆ. ನುಡಿ ಫಾಂಟ್‌ನಲ್ಲಿ ಬರೆದ ಫೈಲು. ಲಿನಕ್ಸ್‌ನಲ್ಲಿ ಆ ಫಾಂಟ್ ಇಲ್ಲ. ತಲೆ ಮೇಲೆ ಟೋಪಿ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತವು. ಕನ್ನಡ ಅಲ್ಲದ್ದೆಲ್ಲ ಮಾವನಿಗೆ ಮಲಯಾಳವೇ.

"1956ರಲ್ಲಿ ಊರು ಕೇರಳಕ್ಕೆ ಹೋಯ್ತು. ಈಗ ಲೆಕ್ಕವೂ ಹೋಯ್ತಾ?"

ಫಾಂಟ್ ಹಾಕಿದರೆ ಸರಿಯಾಗುತ್ತದೆ ಅಂತ ಸಮಾಧಾನ ಮಾಡಿ, ಸಣ್ಣ ಪೆನ್‌ಡ್ರೈವಿಗೆ ಕಂತುಕಂತಾಗಿ ತುಂಬಿ, ಭಾವನ ಕಂಪ್ಯೂಟರ್‌ಗೆ ಸಾಗಿಸಿದೆವು. ಈಗಿನ ಲ್ಯಾಪ್‌ಟಾಪ್ ಆಗಿದ್ದರೆ ಇಷ್ಟೂ ಆಗುತ್ತಿರಲಿಲ್ಲ. ವಿಂಡೋಸ್‌ನ ಬಿಟ್‌ಲಾಕರ್ ಬೀಗ ಡಿಸ್ಕಿಗೆ ಬಿದ್ದಿದ್ದರೆ 48 ಅಂಕಿಯ ಕೀ ಕೇಳುತ್ತದೆ. ಅದನ್ನು ಯಾರು ಎಲ್ಲಿ ಬರೆದಿಟ್ಟಿರುತ್ತಾರೋ!

ನಿಜ ಹೇಳಬೇಕೆಂದರೆ ಮಾವನ ಮೆಷಿನ್‌ಗೆ ಬೇಕಾದದ್ದು ಎನ್‌ಟಿಎಲ್‌ಡಿಆರ್, ಎನ್‌ಟಿಡಿಟೆಕ್ಟ್ ಅನ್ನುವ ಎರಡು ಫೈಲು. ಎಕ್ಸ್‌ಪಿ ಸೀಡಿಯಲ್ಲೇ ಇರುತ್ತವೆ. ಎಕ್ಸ್‌ಪಿಯಲ್ಲೇ ಫಾರ್ಮ್ಯಾಟ್ ಮಾಡಿದ ಫ್ಲಾಪಿಗೆ ಇವೆರಡನ್ನೂ, ಎಕ್ಸ್‌ಪಿ ಎಲ್ಲಿದೆ ಅಂತ ತಿಳಿಸುವ ಬೂಟ್.ಐಎನ್‌ಐ ಫೈಲನ್ನೂ ಹಾಕಿದರೆ ಆ ಫ್ಲಾಪಿಯೇ ಎಕ್ಸ್‌ಪಿಯನ್ನು ಎಬ್ಬಿಸುತ್ತದೆ. ಮಾವನಿಗೆ ಹೇಳಿದೆ, ನಾಳೆ ಸೀಡಿ ತರುತ್ತೇನೆ ಅಂತ.

"ಎರಡು ಫೈಲಿನಲ್ಲಿ ಎಂತ ಆಗ್ತದೆ? ಫಾರ್ಮ್ಯಾಟ್ ಮಾಡಿಸಿದರೆ ಒಂದು ಸಮಾಧಾನ" ಅಂದು ಮಾವ ಜೀಪು ತರಿಸಿ ಸಿಪಿಯು ಪೇಟೆಗೆ ಸಾಗಿಸಿದರು. ಹೊಸ ವಿಂಡೋಸ್ ಬಂತು. ಭಾವ ಪಟ, ಲೆಕ್ಕ ಎಲ್ಲ ವಾಪಸ್ ಹಾಕಿಕೊಟ್ಟ. ಆ ರಾತ್ರಿ ಊಟಕ್ಕೆ ಕೂತಿದ್ದೆ, ಫೋನ್ ಬಂತು.

"ಅಳಿಯಾ, ಲೆಕ್ಕ ಪುನಃ ಮಲಯಾಳ ಆಗಿದೆ."