ಗುದ್ದಲಿ ಹಿಡಿದ ನಾಯಕನಿಗೆ ಒಂದಿಷ್ಟು ಬುದ್ಧಿಮಾತು

ಈಗಿನ ಕ್ರೈಂ ಥ್ರಿಲ್ಲರ್‌ಗಳಲ್ಲಿ ನಾಯಕ ಸಾಮಾನ್ಯವಾಗಿ ಒಬ್ಬ ಬಡಪಾಯಿ. ಬ್ಯಾಂಕ್ ಗುಮಾಸ್ತನೋ, ಹೈಸ್ಕೂಲ್ ಮೇಷ್ಟ್ರೋ. ಮಳೆ ರಾತ್ರಿ, ಹಳೇ ಮಾರುತಿ ಕಾರು, ಅಡ್ಡ ಬಂದ ಯಾರೋ ಒಬ್ಬ. ಧಡ್! ಅಲ್ಲಿಂದ ಎರಡೂವರೆ ಗಂಟೆ ಅವನ ಪಾಡು ನಾಯಿಗೂ ಬೇಡ. ಹೆಣ ಹೊರಬೇಕು, ಗುಂಡಿ ತೋಡಬೇಕು, ಬಂಪರ್ ತೊಳೆಯಬೇಕು, ಹೆಂಡತಿ ಮಕ್ಕಳಿಗೆ ಸುಳ್ಳು ಬಾಯಿಪಾಠ ಮಾಡಿಸಬೇಕು. ಇಷ್ಟಾದರೂ ಒಂದು ಚಪ್ಪಲಿ ಪೊದೆಯಲ್ಲಿ ಉಳಿದೇ ಬಿಟ್ಟಿರುತ್ತದೆ.

ಚಿತ್ರಕತೆ ಬರೆಯುವ ಸ್ವಾಮಿಗಳೇ, ಇಷ್ಟೆಲ್ಲ ಯಾಕೆ? ನೀವು ಪೇಪರ್ ಓದುವುದಿಲ್ಲವೇ?

2024ರ ಮೇ 19ರ ನಸುಕು, ಪುಣೆಯ ಕಲ್ಯಾಣಿನಗರ. ಪೋರ್ಷೆ ಕಾರೊಂದು ಬೈಕಿಗೆ ಗುದ್ದಿತು. ಮಧ್ಯಪ್ರದೇಶದಿಂದ ಬಂದು ಐಟಿ ಕೆಲಸ ಮಾಡುತ್ತಿದ್ದ 24ರ ಹರೆಯದ ಇಬ್ಬರು ಹೋಗಿಬಿಟ್ಟರು. ಕಾರು ಓಡಿಸುತ್ತಿದ್ದವನು 17ರ ಹುಡುಗ, ಕುಡಿದಿದ್ದ ಅಂತ ಪೊಲೀಸರು ಹೇಳಿದರು. ಆ ಕಾರು ಬೆಂಗಳೂರಿನ ಡೀಲರ್ ಕಡೆಯಿಂದ ತಾತ್ಕಾಲಿಕ ನೋಂದಣಿಯಲ್ಲಿ ಹೋಗಿತ್ತು. ಪುಣೆಯಲ್ಲಿ ಕಾಯಂ ನಂಬರ್ ಸಿಕ್ಕಿರಲಿಲ್ಲ, ಯಾಕೆಂದರೆ 1,758 ರೂಪಾಯಿ ಶುಲ್ಕ ಬಾಕಿ ಇತ್ತು. ಕೋಟಿ ದಾಟಿದ ಕಾರು ಕೊಂಡ ಮೇಲೆ ಚಿಲ್ಲರೆಗೆ ತೊಂದರೆ ಆಗುವುದು ಸಹಜ, ಅಲ್ವಾ?

ನಿಮ್ಮ ಮೇಷ್ಟ್ರಾಗಿದ್ದರೆ ಅಷ್ಟೊತ್ತಿಗೆ ಗುದ್ದಲಿ ಹುಡುಕುತ್ತಿದ್ದರು. ಇಲ್ಲಿ ಯಾರೂ ಗುದ್ದಲಿ ಮುಟ್ಟಲಿಲ್ಲ. ಸುಮಾರು ಹದಿನೈದು ಗಂಟೆಯೊಳಗೆ ಬಾಲನ್ಯಾಯ ಮಂಡಳಿ ಜಾಮೀನು ಕೊಟ್ಟಿತು. ಷರತ್ತುಗಳೂ ಇದ್ದವು ಅನ್ನಿ. ಹದಿನೈದು ದಿನ ಟ್ರಾಫಿಕ್ ಪೊಲೀಸರ ಜತೆ ಇರಬೇಕು, ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕು. ಸತ್ತವರು ಇಬ್ಬರು. ತಲೆಗೆ 150 ಪದ. ಹೋಂವರ್ಕ್ ಮರೆತ ಮಕ್ಕಳಿಗೆ ನಮ್ಮ ಶಾಲೆಗಳಲ್ಲಿ ಇದಕ್ಕಿಂತ ಜಾಸ್ತಿ ಇಂಪೊಸಿಷನ್ ಕೊಡುತ್ತಾರೆ.

ದೇಶವೆಲ್ಲ ಉಗಿದ ಮೇಲೆ ಹುಡುಗನನ್ನು ಬಾಲಾಪರಾಧಿಗಳ ವೀಕ್ಷಣಾಲಯಕ್ಕೆ ಕಳಿಸಿದರು. ಹಾಗೆ ಇಟ್ಟುಕೊಂಡದ್ದು ಕಾನೂನಿಗೆ ವಿರುದ್ಧ ಅಂತ ಬಾಂಬೆ ಹೈಕೋರ್ಟ್ ಜೂನ್‌ನಲ್ಲಿ ಬಿಡಿಸಿತು. ಜುಲೈನಲ್ಲಿ ಅವನು ಪ್ರಬಂಧ ಒಪ್ಪಿಸಿದ. ಮಾರ್ಕ್ಸ್ ಎಷ್ಟು ಬಂತೋ ಪ್ರಕಟವಾಗಲಿಲ್ಲ.

ಕತೆಯ ರಸ ಇರುವುದು ಇದರ ಮಧ್ಯೆ. ಪೊಲೀಸರ ಆರೋಪ ಹೀಗಿದೆ: ಸಸೂನ್ ಆಸ್ಪತ್ರೆಯಲ್ಲಿ ತೆಗೆದ ಹುಡುಗನ ರಕ್ತ ಕಸದ ಬುಟ್ಟಿಗೆ ಹೋಯಿತು, ಅದರ ಜಾಗಕ್ಕೆ ಅವನ ತಾಯಿಯ ರಕ್ತ ಬಂತು. ಡಾಕ್ಟರುಗಳು ಅರೆಸ್ಟಾದರು, ತಾಯಿಯೂ. ಆರೋಪ ನಿಜವೋ ಸುಳ್ಳೋ ಕೋರ್ಟು ನೋಡಿಕೊಳ್ಳುತ್ತದೆ. ನಾನು ಬರೀ ಚಿತ್ರಕತೆಯ ಬಗ್ಗೆ ಮಾತಾಡುತ್ತಿದ್ದೇನೆ. ತಾಯಿ ಸೆಂಟಿಮೆಂಟ್ ಇಲ್ಲದೆ ನಮ್ಮಲ್ಲಿ ಸಿನಿಮಾ ಓಡುವುದಿಲ್ಲ ಅಂತ ಗಾಂಧಿನಗರದಲ್ಲಿ ಹೇಳುತ್ತಲೇ ಬಂದಿದ್ದಾರೆ. ಅದನ್ನು ಲ್ಯಾಬ್‌ವರೆಗೆ ತರಬಹುದು ಅಂತ ನಿಮಗೆ ಯಾರಿಗಾದರೂ ಹೊಳೆದಿತ್ತೇ?

ಇನ್ನು ಡ್ರೈವರ್ ಪಾತ್ರ. ತಪ್ಪು ತನ್ನ ಮೇಲೆ ಹಾಕಿಕೊಳ್ಳುವಂತೆ ಮನೆಯ ಡ್ರೈವರನ್ನು ಕೂಡಿಹಾಕಿ ಒತ್ತಾಯಿಸಿದರು ಅಂತ ಹುಡುಗನ ಅಪ್ಪ, ಅಜ್ಜನ ಮೇಲೆ ಕೇಸಾಯಿತು. ಡ್ರೈವರ್ ಎಷ್ಟು ಉಪಯೋಗಕ್ಕೆ ಬರುತ್ತಾನೆ ಅಂತ ತಿಳಿಯಬೇಕಾದರೆ ಮುಂಬೈ ನೋಡಿ. 2002ರಲ್ಲಿ ದೊಡ್ಡ ನಟನೊಬ್ಬನ ಗಾಡಿ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಹರಿದು ಒಬ್ಬ ಸತ್ತ. ‘ಓಡಿಸುತ್ತಿದ್ದವನು ನಾನು’ ಅಂತ ಡ್ರೈವರ್ ಕೋರ್ಟಿಗೆ ಬಂದು ಹೇಳಿದ್ದು 2015ರಲ್ಲಿ. ಕೆಳಗಿನ ಕೋರ್ಟು ನಂಬಲಿಲ್ಲ. ಆದರೆ ಅದೇ ವರ್ಷ ಹೈಕೋರ್ಟು, ಸಾಕ್ಷ್ಯ ಸಾಲದು ಅಂತ ನಟನನ್ನು ಬಿಡುಗಡೆ ಮಾಡಿತು. ದೆಹಲಿಯಲ್ಲಿ 1999ರಲ್ಲಿ ಬಿಎಂಡಬ್ಲ್ಯು ಹರಿದು ಆರು ಜನ ಸತ್ತ ಕೇಸಿನಲ್ಲಂತೂ, ಗುದ್ದಿದ್ದು ಕಾರೇ ಅಲ್ಲ, ಲಾರಿ ಅಂತ ಸಾಕ್ಷಿ ಹೇಳಿದವನೊಬ್ಬನಿದ್ದ.

ಹಾಗಾಗಿ ನಿಮ್ಮ ಮೇಷ್ಟ್ರು ಗುಂಡಿ ತೋಡುವುದು ಮಹಾ ತಲೆ ಇದೆ ಅಂತಲ್ಲ. ಆಳು ಇಡುವ ಯೋಗ್ಯತೆ ಇಲ್ಲ, ಅಷ್ಟೇ. ಉಳ್ಳವರ ಮನೆಯಲ್ಲಿ ಒಂದೊಂದು ಕೆಲಸಕ್ಕೂ ಒಬ್ಬೊಬ್ಬ ಸಿಗುತ್ತಾನೆ. ಇವರು ಪಾಪ, ಹೆಣವನ್ನೂ ತಾವೇ ಹೊರಬೇಕು.

ಹಾಗೆ ನೋಡಿದರೆ ಬಡಪಾಯಿಗೂ ಗುದ್ದಲಿ ಬೇಕಿಲ್ಲ. 2022ರಲ್ಲಿ ದೇಶದಲ್ಲಿ ಗುದ್ದಿ ಪರಾರಿಯಾದ ಗಾಡಿಗಳಿಂದ ಸತ್ತವರು 30,486 ಮಂದಿ ಅಂತ ಕೇಂದ್ರ ಸಾರಿಗೆ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ಅವರನ್ನು ಯಾರೂ ಹೂತಿಡಲಿಲ್ಲ, ಸುಮ್ನೆ ಆಕ್ಸಿಲರೇಟರ್ ಒತ್ತಿದರು. ಗಾಡಿ ಯಾವುದು ಅಂತ ಗೊತ್ತಾಗದಿದ್ದರೆ ಸತ್ತವರ ಮನೆಗೆ ಸರ್ಕಾರದ ಎರಡು ಲಕ್ಷ ಪರಿಹಾರ. ಹೀಗೆ ಓಡಿಹೋದವರಿಗೆ ಹತ್ತು ವರ್ಷದವರೆಗೆ ಜೈಲು ಅಂತ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 106(2) ಅಂತ ಉಪಕಲಂ ಬರೆದರು. ನಿಂತರೆ ಜನ ಹೊಡೆದು ಸಾಯಿಸುತ್ತಾರೆ, ಓಡಿದರೆ ನೀವು ಒಳಗೆ ಹಾಕುತ್ತೀರಿ ಅಂತ ಲಾರಿಯವರು 2024ರ ಜನವರಿಯಲ್ಲಿ ಮುಷ್ಕರ ಹೂಡಿದರು. ಅವರ ಮಾತೂ ಸುಳ್ಳಲ್ಲ. ಸರ್ಕಾರ ಯೋಚನೆ ಮಾಡಿ, ಜುಲೈ 1ಕ್ಕೆ ಇಡೀ ಸಂಹಿತೆಯನ್ನು ಜಾರಿಗೆ ತಂದಿತು, ಅದೊಂದು ಉಪಕಲಂ ಬಿಟ್ಟು.

ಇಷ್ಟು ಹೇಳಿದ ಮೇಲೂ ನಿಮ್ಮ ನಾಯಕ ಗುಂಡಿಯನ್ನೇ ತೋಡುತ್ತೇನೆ ಅಂದರೆ ಅವನಿಷ್ಟ. ಮನಸ್ಸು ಬದಲಾಯಿಸಿದರೆ ಮಾತ್ರ ಈ ಲೇಖನ ಇಟ್ಟುಕೊಳ್ಳಲಿ. ಪುಣೆ ರೇಟಿನಲ್ಲಿ ಇಬ್ಬರಿಗೆ ಸಾಕಾಗಿ ಇನ್ನೂ ಒಂದಿಷ್ಟು ಪದ ಮಿಗುತ್ತವೆ.